ಗುಡ್ಡದ ಕಾಲುದಾರಿಯಲ್ಲಿ ಬಳಗದ ಓಟ

ಕಾಡು, ಗುಡ್ಡ, ತೋಟಗಳ ಕಾಲುದಾರಿಯಲ್ಲಿ ಓಡುವುದನ್ನು ಟ್ರೇಲ್ ಓಟ ಎನ್ನುತ್ತಾರೆ. ಡಾಂಬರು ರಸ್ತೆಯ ಓಟದಲ್ಲಿ ಗಡಿಯಾರ ಮುಖ್ಯವಾದರೆ, ಇಲ್ಲಿ ನೆಲ ಮುಖ್ಯ. ಕಲ್ಲು, ಬೇರು, ಜಾರುವ ಮಣ್ಣು, ಕಡಿದಾದ ಏರು ಸೇರಿ ಓಟಗಾರನ ವೇಗವನ್ನು ನಿರ್ಧರಿಸುತ್ತವೆ. ಈ ಓಟವನ್ನು ಬಳಗ ಕಟ್ಟಿಕೊಂಡು ಮಾಡುವವರು ಬಹಳ. ದಾರಿ ತಪ್ಪಿದರೆ, ಕಾಲು ಉಳುಕಿದರೆ ಜೊತೆಗೊಬ್ಬರು ಬೇಕು ಎಂಬುದು ಒಂದು ಕಾರಣ. ಚುರುಕು ಕಾಲಿನವರನ್ನೂ ನಿಧಾನದವರನ್ನೂ ಒಂದೇ ಗುಂಪಿನಲ್ಲಿ ಉಳಿಸಿಕೊಳ್ಳುವ ಉಪಾಯ ಗುಡ್ಡದ ಓಟದಲ್ಲಿ ಇದೆ ಎಂಬುದು ಇನ್ನೊಂದು ಕಾರಣ.

ಕ್ವಾಲಾಲಂಪುರದ ಹುಟ್ಟು

ಆ ಉಪಾಯಕ್ಕೆ ಪ್ರಸಿದ್ಧ ರೂಪ ಕೊಟ್ಟದ್ದು ಹ್ಯಾಶ್ ಹೌಸ್ ಹ್ಯಾರಿಯರ್ಸ್ ಎಂಬ ಬಳಗ. 1938ರ ಡಿಸೆಂಬರ್‌ನಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಮಲಯದ ಕ್ವಾಲಾಲಂಪುರದಲ್ಲಿ ಅದು ಶುರುವಾಯಿತು. ಮುಂದಾಳು ಎ.ಎಸ್. ಗಿಸ್ಪರ್ಟ್ ಎಂಬ ಲೆಕ್ಕಪರಿಶೋಧಕ. ಜೊತೆಗಾರರೂ ಅಲ್ಲಿನ ಕಚೇರಿಗಳಲ್ಲಿ, ಕಂಪನಿಗಳಲ್ಲಿ ದುಡಿಯುತ್ತಿದ್ದವರು. ಸೆಲಂಗೊರ್ ಕ್ಲಬ್ಬಿನ ಊಟದ ಮನೆಯಲ್ಲಿ ದಿನವೂ ಒಂದೇ ಬಗೆಯ ಸಪ್ಪೆ ಊಟ ಸಿಗುತ್ತಿತ್ತು. ಅದಕ್ಕೆ ಅವರು ಗೇಲಿಗೆಂದು ಇಟ್ಟಿದ್ದ ‘ಹ್ಯಾಶ್ ಹೌಸ್’ ಎಂಬ ಅಡ್ಡಹೆಸರೇ ಬಳಗದ ಹೆಸರಾಯಿತು. ಸೋಮವಾರ ಸಂಜೆ ರಬ್ಬರ್ ತೋಟಗಳಲ್ಲಿ, ಕಾಡಂಚಿನಲ್ಲಿ ಓಡುವುದು, ಓಟ ಮುಗಿದ ಮೇಲೆ ಕೂತು ಬಿಯರ್ ಕುಡಿಯುವುದು ಅವರ ವಾಡಿಕೆ.

ಅವರು ಆಡುತ್ತಿದ್ದ ಜಾಡು ಹಿಡಿಯುವ ಆಟದ ಮೂಲ ಇನ್ನೂ ಹಳೆಯದು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಇಬ್ಬರು ಹುಡುಗರು ‘ಮೊಲ’ಗಳಾಗಿ ಕಾಗದದ ಚೂರು ಚೆಲ್ಲುತ್ತ ಮುಂದೆ ಓಡುತ್ತಿದ್ದರು. ಉಳಿದವರು ‘ಬೇಟೆನಾಯಿ’ಗಳಾಗಿ ಅದರ ಜಾಡು ಹಿಡಿಯುತ್ತಿದ್ದರು. ಗಿಸ್ಪರ್ಟ್ 1942ರ ಫೆಬ್ರುವರಿಯಲ್ಲಿ ಸಿಂಗಪುರದ ಕಾಳಗದಲ್ಲಿ ಮಡಿದ. ಯುದ್ಧ ಮುಗಿದ ಮೇಲೆ ಉಳಿದವರು ಓಟವನ್ನು ಮತ್ತೆ ಆರಂಭಿಸಿದರು. 1962ರಲ್ಲಿ ಸಿಂಗಪುರದಲ್ಲಿ ಬಳಗ ಹುಟ್ಟಿದ ಮೇಲೆ ಪದ್ಧತಿ ದೇಶದಿಂದ ದೇಶಕ್ಕೆ ಹಬ್ಬಿತು. ದೆಹಲಿ, ಬೆಂಗಳೂರಿನಂಥ ನಗರಗಳಿಗೂ ಬಂತು. ಗಂಡಸರಿಗಷ್ಟೇ ಮೀಸಲಾಗಿದ್ದ ಓಟ ಮುಂದೆ ಹೆಂಗಸರಿಗೆ, ಮಕ್ಕಳಿಗೆ, ಇಡೀ ಕುಟುಂಬಕ್ಕೆ ತೆರೆದುಕೊಂಡಿತು.

ಹಿಟ್ಟಿನ ಗುರುತು

ಹ್ಯಾಶ್ ಓಟದಲ್ಲಿ ‘ಮೊಲ’ವಾದವರು ಬೇಗ ಹೊರಟು ಒಂದೊಂದು ಹಿಡಿ ಹಿಟ್ಟನ್ನು ಕಲ್ಲಿನ ಮೇಲೆ, ಮರದ ಬುಡದಲ್ಲಿ ಹಾಕುತ್ತ ಸಾಗುತ್ತಾರೆ. ಹಿಂದೆ ಬರುವವರು ಅದನ್ನು ನೋಡಿ ‘ಆನ್ ಆನ್’ ಎಂದು ಕೂಗಿ ಉಳಿದವರನ್ನು ಕರೆಯುತ್ತಾರೆ. ದಾರಿ ಕವಲೊಡೆಯುವಲ್ಲಿ ಹಿಟ್ಟಿನ ವೃತ್ತವೊಂದಿರುತ್ತದೆ. ವೃತ್ತ ಕಂಡರೆ ಮುಂದಿನ ದಾರಿಯನ್ನು ಹುಡುಕಿಕೊಳ್ಳಬೇಕು. ಚುರುಕಿನವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡುತ್ತಾರೆ. ಒಬ್ಬನಿಗೆ ಮೂರು ಗುರುತು ಸಿಕ್ಕಿ ನಾಲ್ಕನೆಯದರ ಜಾಗದಲ್ಲಿ ಅಡ್ಡಗೆರೆ ಕಂಡರೆ ಅದು ಸುಳ್ಳುದಾರಿ. ಅವನು ಏದುಸಿರು ಬಿಡುತ್ತ ವೃತ್ತಕ್ಕೆ ಮರಳುವ ಹೊತ್ತಿಗೆ ನಡೆದುಕೊಂಡೇ ಬಂದ ಹಿಂದಿನವರು ಅಲ್ಲಿ ಸೇರಿರುತ್ತಾರೆ. ಸರಿಯಾದ ದಾರಿ ಸಿಕ್ಕಿತೆಂಬ ಕೂಗು ಕೇಳಿದಾಗ ಕೊನೆಯವನೇ ಮೊದಲಿಗನಾಗುವುದೂ ಉಂಟು.

ಇಡೀ ಆಟದ ಜಾಣತನ ಇಷ್ಟೇ: ಬಲವಿದ್ದವನಿಗೆ ಹೆಚ್ಚು ದೂರ, ಇಲ್ಲದವನಿಗೆ ಕಡಿಮೆ ದೂರ, ತಲುಪುವ ಹೊತ್ತು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಇಲ್ಲಿ ಗೆದ್ದವರ ಪಟ್ಟಿಯೇ ಇರುವುದಿಲ್ಲ.

ನಮ್ಮ ಕೆಮ್ಮಣ್ಣಿನ ಮೇಲೆ ರಾಗಿ ಹಿಟ್ಟು ಕಾಣುವುದಿಲ್ಲ. ಅಕ್ಕಿ ಹಿಟ್ಟು ಅಥವಾ ಮೈದಾ ಎದ್ದು ಕಾಣುತ್ತದೆ. ಇರುವೆ ತಿಂದು, ಮಳೆ ತೊಳೆದು ಅದು ತಾನಾಗಿ ಮಾಯವಾಗುತ್ತದೆ. ಸುಣ್ಣ ಕಣ್ಣಿಗೆ, ಚರ್ಮಕ್ಕೆ ಕೆಡುಕು. ಪ್ಲಾಸ್ಟಿಕ್ ಪಟ್ಟಿ ದನದ ಹೊಟ್ಟೆ ಸೇರುವ ಅಪಾಯವಿದೆ. ಹಾಗಾಗಿ ಅವೆರಡನ್ನೂ ಬಳಸಬಾರದು.

ಏರಿನ ಲೆಕ್ಕ

ಗುಡ್ಡದ ದಾರಿಯನ್ನು ಬರೀ ಕಿಲೋಮೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೇವೆ. 2013ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಸ್ಥೆ ಒಂದು ಸರಳ ಲೆಕ್ಕವನ್ನು ಬಳಸುತ್ತದೆ. ಪ್ರತಿ 100 ಮೀಟರ್ ಏರಿಗೆ ಒಂದು ಕಿ.ಮೀ. ಕೂಡಿಸಿಕೊಳ್ಳಬೇಕು. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಹೋಗುವ ದಾರಿ ಸುಮಾರು 13 ಕಿ.ಮೀ. ಕುಕ್ಕೆ ಇರುವುದು ಸಮುದ್ರಮಟ್ಟಕ್ಕಿಂತ ನೂರು ಚಿಲ್ಲರೆ ಮೀಟರ್ ಮೇಲೆ. ಹತ್ತಬೇಕಾದ ಎತ್ತರ ಹತ್ತಿರಹತ್ತಿರ 1,600 ಮೀಟರ್ ಆಗುವುದರಿಂದ, ಕಾಲಿಗೆ ಅದು ಸಮನೆಲದ 29 ಕಿ.ಮೀ.ಗೆ ಸಮ.

ತೀರಾ ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ಬಿರುಸಾಗಿ ನಡೆಯುವುದೇ ಮಿತವ್ಯಯ. ಅದೇ ವೇಗದಲ್ಲಿ ನಡೆದರೆ ದೇಹ ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ಅದಕ್ಕೇ ಪಳಗಿದವರು ಏರು ಬಂದೊಡನೆ ಹೆಜ್ಜೆ ಚಿಕ್ಕದು ಮಾಡಿ, ಸೊಂಟ ಬಾಗಿಸಿ, ಅಂಗೈಯಿಂದ ತೊಡೆ ಒತ್ತುತ್ತ ನಡೆಯುತ್ತಾರೆ. ಮಾತಾಡುವಷ್ಟು ಉಸಿರು ಉಳಿದಿದ್ದರೆ ವೇಗ ಸರಿಯಿದೆ ಎಂದರ್ಥ.

ಇಳಿಜಾರಿನ ಕಷ್ಟ

ಏರಿನಲ್ಲಿ ಉಸಿರು ಕಟ್ಟಿದರೆ ಇಳಿಜಾರಿನಲ್ಲಿ ತೊಡೆ ಸೋಲುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಇದರಿಂದ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ನೋವು ಅವತ್ತೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯುವಾಗ ತಿಳಿಯುತ್ತದೆ. ಒಮ್ಮೆ ಹದವಾಗಿ ಇಳಿದು ಅಭ್ಯಾಸವಾದರೆ ಕೆಲವು ವಾರಗಳ ತನಕ ಅಷ್ಟು ನೋವು ಬಾರದು. ಮೈಯನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಿದರೆ ಜಾರುವುದು ಖಂಡಿತ. ಮೊಣಕಾಲು ಸಡಿಲ ಬಿಟ್ಟು, ಚಿಕ್ಕ ಹೆಜ್ಜೆ ಹಾಕಿ, ನೋಟವನ್ನು ಮೂರು–ನಾಲ್ಕು ಹೆಜ್ಜೆ ಮುಂದೆ ಇಡುವುದು ಕ್ರಮ.

ಇಳಿಜಾರಿನ ಅಪಾಯ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಸೀಮೆಯ ಜನಕ್ಕೆ ಹೊಸದಲ್ಲ. ಕಡಿದಾದ ಗುಡ್ಡವನ್ನು ಹಿಮ್ಮುಖವಾಗಿ ಇಳಿಯುವ ಪಂತ ಕಟ್ಟಿ ಪ್ರಾಣ ಬಿಟ್ಟ ಮದುವಣಿಗನ ಐತಿಹ್ಯ ಮದಲಿಂಗನ ಕಣಿವೆಗೆ ಅಂಟಿಕೊಂಡಿದೆ. ಮಾಸ್ತಿಯವರು ಆ ಹೆಸರಿನಲ್ಲೇ ಕಾವ್ಯ ಬರೆದಿದ್ದಾರೆ.

ಕರ್ನಾಟಕದ ಓಟಗಳು

ಬೆಂಗಳೂರಿನಲ್ಲಿ ಜಯನಗರ ಜಾಗ್ವಾರ್ಸ್‌ನಂಥ ಓಟದ ಬಳಗಗಳು ಬೆಳೆದದ್ದು ಈ ಶತಮಾನದಲ್ಲಿ. ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿಯುವವರಿಗೆ ಶ್ರೀರಂಗಪಟ್ಟಣದ ಬಳಿ ನಾಲೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್ ಸುಲಭದ ಮೊದಲ ಮೆಟ್ಟಿಲು. ಅಲ್ಲಿ ಏರು ಇಲ್ಲವೆಂದರೂ ಸರಿ. ಕಡಿದಾದ ದಾರಿ ಬೇಕೆಂದರೆ ಮಲೆನಾಡಿಗೇ ಹೋಗಬೇಕು. 2016ರಿಂದ ನಡೆಯುತ್ತಿರುವ ಮಲ್ನಾಡ್ ಅಲ್ಟ್ರಾದಲ್ಲಿ ಕಾಫಿ ತೋಟಗಳ ಏರಿಳಿತದಲ್ಲಿ ಬಹುದೂರದ ಓಟಗಳಿವೆ. ಮಳೆಗಾಲ ಮುಗಿಯುವ ಹೊತ್ತಿನ ಜಾರುಮಣ್ಣು, ಉಂಬಳ, ತೋಟದ ಮಂಜು ಅಲ್ಲಿನ ನಿಜವಾದ ಎದುರಾಳಿಗಳು.

ಕೆಂಕೆರೆ ಸುತ್ತಿನ ನೆಲ

ಬಯಲುಸೀಮೆಯ ನೆಲ ಬೇರೆ ಬಗೆಯದು. ತುಮಕೂರು ಜಿಲ್ಲೆಯ ಹುಳಿಯಾರು ಬಳಿಯ ಕೆಂಕೆರೆಯಲ್ಲಿ ಮಲೆನಾಡಿನ ದಟ್ಟ ಕಾಡಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಇದು. ತೋಟ, ಹೊಲ, ಕೆರೆ ಏರಿ ದಾಟಿದರೆ ಕುರುಚಲು ಗುಡ್ಡಗಳು. ಕಬ್ಬಿಣ, ಮ್ಯಾಂಗನೀಸ್ ಅದಿರಿರುವ ಈ ಸಾಲು ಚಿತ್ರದುರ್ಗದ ಕಡೆಯಿಂದ ತೆಂಕಣಕ್ಕೆ ಹಬ್ಬಿದೆ. ಪುಡಿಗಲ್ಲಿನ ಮೇಲೆ ಕಾಲು ಜಾರುತ್ತದೆ; ಜಾಲಿ, ಕಾರೆ ಮುಳ್ಳು ತೆಳು ಅಟ್ಟೆಯ ಶೂವನ್ನು ಸುಲಭವಾಗಿ ಹೊಗುತ್ತದೆ. ಗಟ್ಟಿ ಅಟ್ಟೆ, ಆಳವಾದ ಹಲ್ಲಿರುವ ಶೂ ಬೇಕು.

ತೋಟದ ದಾರಿಗೂ ಅದರದೇ ರೀತಿನೀತಿ ಇದೆ. ಬದುವಿನ ಮೇಲೆ ಓಡಬಹುದು, ಡ್ರಿಪ್ ಪೈಪು ತುಳಿಯಬಾರದು. ಉದುರಿದ ಸೋಗೆಯ ಕೆಳಗೆ ಹಾವು–ಚೇಳು ಇರಬಹುದಾದ್ದರಿಂದ ಅದರ ಮೇಲೆ ಹಾರಬಾರದು. ಕಾಯಿ ಕೀಳುವ ದಿನ ಆ ಸಾಲಿಗೆ ಕಾಲಿಡಲೇಬಾರದು. ಮೊದಲೇ ತೋಟದವರನ್ನು ಕೇಳಿಕೊಂಡರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಎಳನೀರು ಕೆಡವಿಕೊಟ್ಟರೂ ಆಶ್ಚರ್ಯವಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಆದ್ದರಿಂದ ಗಂಟೆಗಟ್ಟಲೆ ಬೆವರು ಹರಿಸಿದವರಿಗೆ ಎಳನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೂ ಬೇಕು.

ಎಲ್ಲಿ ಓಡಬಹುದು, ಎಲ್ಲಿ ಕೂಡದು

ಚಿಕ್ಕನಾಯಕನಹಳ್ಳಿ ಮತ್ತು ಸಿರಾ ತಾಲ್ಲೂಕುಗಳ ಕಾಡಿನ ಒಂದು ಭಾಗವನ್ನು 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಸುಮಾರು 136 ಚದರ ಕಿ.ಮೀ. ವಿಸ್ತಾರದ ಈ ಧಾಮ ಚಿಂಕಾರ ಎಂಬ ಹುಲ್ಲೆಗೆಂದೇ ಮೀಸಲಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಧಾಮಕ್ಕೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಮೀಸಲು ಅರಣ್ಯದಲ್ಲಿ ಓಡಬೇಕೆಂದರೂ ಅರಣ್ಯ ಇಲಾಖೆಯನ್ನು ಮೊದಲೇ ಕೇಳಬೇಕು.

2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನಜಂಗುಳಿ ಕಿಕ್ಕಿರಿದ ಮೇಲೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಲಾಯಿತು. ಅಂಥ ದಾರಿಯಲ್ಲಿ ಬಳಗ ಓಡಬೇಕೆಂದರೂ ನಿಯಮವನ್ನು ಮೊದಲೇ ಕೇಳಿ ತಿಳಿಯಬೇಕು. ಕಾಯಿದೆಯ ಗೊಡವೆ ಬೇಡವೆನ್ನುವವರಿಗೆ ಹಳ್ಳಿಯ ಬಂಡಿದಾರಿ, ಕೆರೆ ಏರಿ, ದೇವರ ಗುಡ್ಡದ ಪಾವಟಿಗೆಗಳೇ ಸಾಕಷ್ಟಿವೆ.

ಅಪಾಯ ಮತ್ತು ಎಚ್ಚರ

ತುಮಕೂರು ಜಿಲ್ಲೆಯ ಕುರುಚಲು ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಮುಂಜಾವ, ಮುಸ್ಸಂಜೆ ಅವು ತಿರುಗಾಡುವ ಹೊತ್ತು. ಸದ್ದಿಲ್ಲದೆ ಓಡಿ ತಿರುವಿನಲ್ಲಿ ಹಠಾತ್ತನೆ ಎದುರಾದರೆ ಗಾಬರಿಗೊಂಡ ಕರಡಿ ಮೇಲೆರಗುತ್ತದೆ. ಹೊತ್ತು ಮೂಡಿದ ಮೇಲೆ ಹೊರಡುವುದು, ಮಾತಾಡುತ್ತ, ಕೂಗುತ್ತ ಸಾಗುವುದು ಇದಕ್ಕೆ ಪರಿಹಾರ. ‘ಆನ್ ಆನ್’ ಕೂಗು ಇಲ್ಲಿ ಆಟದ ಜೊತೆಗೆ ರಕ್ಷಣೆಯೂ ಹೌದು. ಹಾವು ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಾಲು ಅಲುಗಿಸದೆ 108ಕ್ಕೆ ಕರೆಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆ ಸೇರಿಸಬೇಕು.

ಮಲೆನಾಡಿನಲ್ಲಿ ಓಡುವವರು ಉಣ್ಣೆಯ ಬಗ್ಗೆ ಎಚ್ಚರವಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯ ತನಕ ಅದರ ಕಾಲ. ಮಂಗ ಸತ್ತ ಸುದ್ದಿ ಬಂದ ಕಾಡಿನ ಕಡೆ ಹೋಗಬಾರದು.

ಬಳಗದ ಕಟ್ಟುಪಾಡು

ಹೊಸದಾಗಿ ಬಳಗ ಕಟ್ಟುವವರಿಗೆ ದುಬಾರಿ ಸಲಕರಣೆ ಬೇಡ. ದಾರಿಯನ್ನು ಹಿಂದಿನ ವಾರವೇ ನಡೆದು ನೋಡಿದ ಒಬ್ಬ ‘ಮೊಲ’, ಎಲ್ಲರ ಹಿಂದೆ ಬರುವ ಒಬ್ಬ ಅನುಭವಿ, ಸೀಟಿ, ನೀರು, ಪ್ರಥಮ ಚಿಕಿತ್ಸೆಯ ಚೀಲ ಇಷ್ಟಿದ್ದರೆ ಸಾಕು. ಬಿಯರ್ ಕಡ್ಡಾಯವಲ್ಲ, ಕಾಫಿ–ಚಿತ್ರಾನ್ನಕ್ಕೂ ಬಳಗ ಕೂರುತ್ತದೆ. ಆದರೆ ಒಂದು ಕ್ರಮವನ್ನು ಮಾತ್ರ ತಪ್ಪಿಸುವಂತಿಲ್ಲ: ಹೊರಡುವಾಗ ತಲೆ ಎಣಿಸಬೇಕು, ಬಂದ ಮೇಲೆ ಮತ್ತೆ ಎಣಿಸಬೇಕು. ಎರಡು ಲೆಕ್ಕವೂ ತಾಳೆಯಾಗುವವರೆಗೆ ಯಾರೂ ತಿಂಡಿಗೆ ಕೈಹಾಕಬಾರದು. ಈ ಶಿಸ್ತು ಇಲ್ಲದ ಗುಂಪು ಎಷ್ಟೇ ವೇಗವಾಗಿ ಓಡಿದರೂ ಕಾಡಿಗೆ ಹೋಗಲು ತಕ್ಕುದಲ್ಲ.