ನಮಗ್ಯಾಕೆ ಊರ ಉಸಾಬರಿ?

ಹೆದ್ದಾರಿ ಪಕ್ಕದ ಊರುಗಳಲ್ಲಿ ಸುದ್ದಿ ಮಾಡುವ ನಮಗೆ ಈ ಮಾತು ಹೊಸದಲ್ಲ. ರಸ್ತೆಯಲ್ಲಿ ಯಾರೋ ಬಿದ್ದಿರುತ್ತಾರೆ, ಸುತ್ತ ಜನ ನಿಂತಿರುತ್ತಾರೆ. ‘ಮುಟ್ಟಬೇಡ್ರೋ, ಪೊಲೀಸ್ ಕೇಸ್ ಆಗ್ತದೆ’ ಅಂತ ಹಿರಿಯರೊಬ್ಬರು ಅಂದರೆ ಮುಂದೆ ಬಂದ ಹುಡುಗನೂ ಹಿಂದೆ ಸರಿಯುತ್ತಾನೆ. ನಾವೇನೂ ಬೇರೆಯಲ್ಲ. ಮೊದಲು ಫೋಟೊ ತೆಗೆದು, ಆಮೇಲೆ ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಇದೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1980ರ ದಶಕದಲ್ಲಿ ಸ್ಕೂಟರ್ ಸವಾರನೊಬ್ಬನಿಗೆ ಕಾರು ಗುದ್ದಿತು. ದಾರಿಹೋಕರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರು. ‘ಇದು ಪೊಲೀಸ್ ಕೇಸು, ನಾವು ನೋಡಲ್ಲ’ ಎಂದು ಅಲ್ಲಿನ ವೈದ್ಯರು ಸುಮಾರು 20 ಕಿ.ಮೀ. ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲೇ ಜೀವ ಹೋಯಿತು.

ಪತ್ರಿಕೆಯಲ್ಲಿ ಬಂದ ಈ ವರದಿಯನ್ನೇ ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಸರ್ಕಾರಿ ಇರಲಿ, ಖಾಸಗಿ ಇರಲಿ, ವೈದ್ಯರು ಮೊದಲು ಜೀವ ಉಳಿಸಬೇಕು. ಪೊಲೀಸ್ ಕಾಗದಪತ್ರ ಆಮೇಲೆ.

ವೈದ್ಯರ ಕರ್ತವ್ಯ ಗಟ್ಟಿಯಾಯಿತು. ಆದರೆ ಗಾಯಾಳುವನ್ನು ಹೊತ್ತು ತಂದವರ ಪಾಡು? ಠಾಣೆ, ಪ್ರಶ್ನೆ, ಕೋರ್ಟಿನ ಅಲೆದಾಟ ತಪ್ಪಲಿಲ್ಲ. 2008ರಲ್ಲಿ ದೆಹಲಿಯ ಪೀಯೂಷ್ ತಿವಾರಿ ಅವರ ಸೋದರ ಸಂಬಂಧಿ, ಶಾಲೆಗೆ ಹೋಗುವ ಹುಡುಗ, ಅಪಘಾತವಾಗಿ ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದಿದ್ದ. ಜನ ಹಾದುಹೋದರು, ಹುಡುಗ ಉಳಿಯಲಿಲ್ಲ. ತಿವಾರಿ ಕಟ್ಟಿದ ಸೇವ್‌ಲೈಫ್ ಫೌಂಡೇಶನ್ 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಕೇಂದ್ರ ಸರ್ಕಾರ 2015ರಲ್ಲಿ ಮಾರ್ಗಸೂಚಿ ತಂದಿತು. 2016ರ ಮಾರ್ಚ್ 30ರಂದು ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು.

ಅದೇ ವರ್ಷ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು, ಸಾಯುವ ಹೊತ್ತಲ್ಲೂ ಅಂಗಾಂಗ ದಾನ ಮಾಡಿ ಎಂದ ಹರೀಶ್ ನಂಜಪ್ಪ ನಿಮಗೆ ನೆನಪಿರಬಹುದು. ಅವರ ಹೆಸರಲ್ಲೇ ರಾಜ್ಯ ಸರ್ಕಾರ ‘ಸಾಂತ್ವನ ಹರೀಶ್’ ಯೋಜನೆ ತಂದಿತು. ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂಬುದು ಅದರ ಭರವಸೆಯಾಗಿತ್ತು. ನೆರವಾದವರ ರಕ್ಷಣೆಗೆ ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು.

ಈಗಿನ ಲೆಕ್ಕ ಇಷ್ಟು. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ನೀವು ಹೊರಡಬಹುದು. ಕಣ್ಣಾರೆ ಕಂಡವರಾದರೆ ವಿಳಾಸ ಕೊಟ್ಟು ಹೊರಟರಾಯಿತು. ಸಾಕ್ಷಿ ಹೇಳುವುದು ನಿಮ್ಮಿಷ್ಟ. ದುಡ್ಡು ಕಟ್ಟಿ ಎಂದು ನಿಮ್ಮನ್ನು ಹಿಡಿದಿಡುವಂತಿಲ್ಲ.

ಆದರೆ ನೆರವಾಗದೆ ನಿಂತು ನೋಡಿದರೆ? ಫ್ರಾನ್ಸಿನಲ್ಲಿ ಅದೇ ಅಪರಾಧ, 1940ರ ದಶಕದಿಂದಲೂ. 1997ರಲ್ಲಿ ರಾಜಕುಮಾರಿ ಡಯಾನಾ ಕಾರು ಅಪಘಾತವಾದಾಗ ಫೋಟೊ ತೆಗೆಯುತ್ತ ನಿಂತ ಛಾಯಾಗ್ರಾಹಕರ ಮೇಲೆ ಈ ಕಾನೂನಿನಡಿ ತನಿಖೆ ನಡೆಯಿತು. 1999ರಲ್ಲಿ ಪ್ರಕರಣ ಕೈಬಿಟ್ಟರು, ಅದು ಬೇರೆ ಮಾತು.

ನಮ್ಮಲ್ಲಿ ದಾರಿಹೋಕರೆಲ್ಲ ನೆರವಾಗಲೇಬೇಕೆಂಬ ಕಾನೂನಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡಿರಲೂ ಆಗದು. ಕೊಲೆ, ದರೋಡೆಯಂಥ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕರ್ತವ್ಯ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ಇದನ್ನು ಹೇಳುತ್ತಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ಗೊತ್ತಿದ್ದೂ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಡಿ ಆರು ತಿಂಗಳವರೆಗೆ ಜೈಲಾಗಬಹುದು. ‘ಮನೆ ಮರ್ಯಾದೆ’, ‘ಊರ ಮರ್ಯಾದೆ’ ಅಲ್ಲಿ ನಡೆಯುವುದಿಲ್ಲ.

ಪೊಲೀಸ್ ಕೇಸ್ ಆಗ್ತದೆ ಎಂಬ ಮಾತಿಗೆ ಈಗ ಹಳೆಯ ಬಲವಿಲ್ಲ. ಊರಲ್ಲಿ ಇನ್ನೂ ಆ ಮಾತು ಬಂದರೆ ಇದನ್ನು ಅವರಿಗೂ ಹೇಳಿ. ನಾವೂ ಮುಂದಿನ ಸಲ 108ಕ್ಕೆ ಫೋನ್ ಮಾಡಿದ ಮೇಲೆಯೇ ಕ್ಯಾಮೆರಾ ಮುಟ್ಟುತ್ತೇವೆ.