ಹೆಸರು ಕೂಗುವ ದಿನ

ಚುನಾವಣೆಯ ಚರಿತ್ರೆ ಬರೆಯುವವರು ಗೆದ್ದವರ ಹೆಸರು, ಸೋತವರ ಹೆಸರು, ಮತಗಳ ಅಂತರ ಇವಿಷ್ಟನ್ನು ಬರೆದು ಮುಗಿಸುತ್ತಾರೆ. ಮತ ಹಾಕಿದವರ ಹೆಸರುಗಳಿಗೂ ಒಂದು ಚರಿತ್ರೆಯಿದೆ. ಬೂತಿನೊಳಗೆ ಕಾಲಿಟ್ಟ ಕೂಡಲೇ ಮೊದಲನೇ ಮೇಜಿನ ಅಧಿಕಾರಿ ಪಟ್ಟಿಯಲ್ಲಿ ನಮ್ಮ ಕ್ರಮಸಂಖ್ಯೆ ಹುಡುಕಿ, ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಬೆಂಚಿನ ಮೇಲೆ ಕುಳಿತ ಪಕ್ಷಗಳ ಏಜೆಂಟರು ತಮ್ಮ ಪ್ರತಿಯಲ್ಲಿ ಗೆರೆ ಎಳೆದುಕೊಳ್ಳುತ್ತಾರೆ. ಬಂದವರು ಬೇರೆಯವರೆಂದು ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ತಕರಾರು ಎತ್ತಬಹುದು. ಶಾಯಿ, ಸಹಿ, ಯಂತ್ರ ಎಲ್ಲವೂ ಆಮೇಲಿನ ಮಾತು.

ನಮ್ಮ ಮನೆಗಳ ಹಿರಿಯ ಹೆಂಗಸರನ್ನು ನೆನೆಸಿಕೊಳ್ಳಿ. ಅವರು ಇಂಥವರ ಬೀಬಿ, ಇಂಥವನ ಅಮ್ಮಿ, ಆಚೆ ಬೀದಿಯ ಖಾಲಾ. ಅವರ ಸ್ವಂತ ಹೆಸರನ್ನು ಗಂಡಸರ ನಡುವೆ ಗಟ್ಟಿಯಾಗಿ ಕೂಗಿದ್ದು ನಿಕಾಹ್‌ನ ದಿನ ಒಂದು ಸಲ, ಬಿಟ್ಟರೆ ಮತದಾನದ ದಿನ.

ಇದು ಸುಲಭವಾಗಿ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದರಲ್ಲಿ 144 ಸದಸ್ಯರಿದ್ದರು. ಅನುಕೂಲವಂತ ರೈತರು, ವ್ಯಾಪಾರಿಗಳು ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ ಅಹವಾಲು ಹೇಳಿ ಬರುತ್ತಿದ್ದರು. ದೇಶೀ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆಯೇ. ಆದರೆ ಬೀಡಿ ಕಟ್ಟುವವನಿಗೆ, ಕೂಲಿಗೆ ಹೋಗುವವಳಿಗೆ ಅಲ್ಲಿ ಹೆಸರಿರಲಿಲ್ಲ. ಆಸ್ತಿಯ ಹೊಸ್ತಿಲನ್ನು ಪೂರಾ ಕಿತ್ತು ಹಾಕಿದ್ದು ನಮ್ಮ ಸಂವಿಧಾನ. ಅದರ 325ನೇ ವಿಧಿಯನ್ನು ನಮ್ಮ ಓದುಗರು ಗಮನಿಸಬೇಕು: ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ.

ವಿಧಿ ಬರೆದಾಯಿತು, ಹೆಸರು ಬರೆಯಬೇಕಲ್ಲ! 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸಲು ಮನೆಮನೆಗೆ ಹೋದ ಗುಮಾಸ್ತರಿಗೆ ಸಿಕ್ಕಿದ್ದು "ರಾಮುವಿನ ತಾಯಿ", "ಇಂಥವರ ಹೆಂಡತಿ" ಎಂಬ ಉತ್ತರ. ಪರ ಗಂಡಸಿಗೆ ಹೆಸರು ಹೇಳಲು ಹೆಂಗಸರು ಒಪ್ಪಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರೂ ಬಗ್ಗಲಿಲ್ಲ. ಮತದಾರಳಿಗೆ ತನ್ನದೇ ಹೆಸರಿರಬೇಕೆಂದರು. ಕೊನೆಗೆ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಮಂದಿಯನ್ನು ಪಟ್ಟಿಯಿಂದ ತೆಗೆಯಲಾಯಿತು. ಬಹುಪಾಲು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು. ಹೆಸರು ಮರೆಮಾಡುವ ಪದ್ಧತಿ ಬುರ್ಖಾದವರದು ಮಾತ್ರ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಸೇನ್ ಅವರದು ಕಠಿಣ ತೀರ್ಮಾನ. ಆ ವರ್ಷ 28 ಲಕ್ಷ ಮಂದಿ ಮತ ಕಳೆದುಕೊಂಡದ್ದು ಅನ್ಯಾಯವೇ. ಆದರೂ ಅವರು ಮಾಡಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಮುಂದಿನ ಚುನಾವಣೆಯ ಹೊತ್ತಿಗೆ ಹೆಸರು ಹೇಳದವರ ಸಂಖ್ಯೆ ಬಹಳ ಇಳಿಯಿತು.

ಈಗ ನಮ್ಮ ಸೀಮೆಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಚುನಾವಣೆಯ ಲೆಕ್ಕದಲ್ಲಿ ಮನೆ ಎರಡಾಗಿದೆ. ಮಧುಗಿರಿ, ಕೊರಟಗೆರೆಯವರು ತುಮಕೂರಿನ ಸಂಸದರನ್ನು ಆರಿಸಿದರೆ ಶಿರಾ, ಪಾವಗಡದವರು ಚಿತ್ರದುರ್ಗದ ಸಂಸದರನ್ನು ಆರಿಸುತ್ತಾರೆ. ಮಧುಗಿರಿಯಿಂದ ಶಿರಾಕ್ಕೆ ಮದುವೆಯಾಗಿ ಹೋದ ಹುಡುಗಿಗೆ ಜಿಲ್ಲೆ ಅದೇ, ಎಂ.ಪಿ. ಬೇರೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಮಧುಗಿರಿಯಿಂದ ಕೊರಟಗೆರೆಗೆ ಬಂತು. ಮಧುಗಿರಿಯಿಂದ ಗೆಲ್ಲುತ್ತಿದ್ದ ಜಿ. ಪರಮೇಶ್ವರ್ ಕೂಡ ಅದರ ಜೊತೆಗೇ ಕೊರಟಗೆರೆಗೆ ಬಂದರು.

ಮತಗಟ್ಟೆಯ ಮೇಜುಗಳ ಹಿಂದೆ ಕೂರುವವರು ಹೆಚ್ಚಾಗಿ ಶಾಲಾ ಮೇಷ್ಟ್ರುಗಳು. ತಮ್ಮದೇ ಕ್ಷೇತ್ರದಲ್ಲಿ ಅವರಿಗೆ ಡ್ಯೂಟಿ ಹಾಕುವುದಿಲ್ಲ. ಹೀಗಾಗಿ ಶಿರಾದ ಮೊಹಲ್ಲಾದ ಹೆಸರುಗಳನ್ನು ಬೇರೆ ಊರಿನ ಮೇಷ್ಟ್ರು ಓದಬೇಕು. ಉರ್ದುವಿನಲ್ಲಿ ಒಂದು 'ಝ' ಧ್ವನಿಗೆ ಜೇ, ಜಾಲ್, ಜ್ವಾದ್, ಜೋಯ್ ಎಂದು ನಾಲ್ಕು ಅಕ್ಷರಗಳಿವೆ. ಕನ್ನಡದ ಪಟ್ಟಿಯಲ್ಲಿ ನಾಲ್ಕೂ 'ಜ' ಆಗುತ್ತವೆ. ಫಾತಿಮಾ ಪಾತಿಮಾ ಆಗುತ್ತಾಳೆ, ಖಾದರ್ ಕಾದರ್ ಆಗುತ್ತಾನೆ. ಈ ಪಾಡು ನಮ್ಮದೊಂದೇ ಎಂದರೆ ಸುಳ್ಳಾಗುತ್ತದೆ. ಪಾವಗಡದ ತೆಲುಗು ಹೆಸರುಗಳಿಗೂ ಇದೇ ಗತಿ. ಇನ್ನು ಒಂದೇ ಊರಿನಲ್ಲಿ ನಾಲ್ಕಾರು ಹನುಮಂತರಾಯಪ್ಪಂದಿರಿದ್ದು, ಅವರ ತಂದೆಯ ಹೆಸರೂ ಹನುಮಂತಪ್ಪ ಎಂದಿದ್ದರೆ ಆ ಮೇಷ್ಟ್ರನ್ನು ದೇವರೇ ಕಾಪಾಡಬೇಕು!

ನಾವು ಮೊದಲು ಮತ ಹಾಕಿದ್ದು 1998ರ ಲೋಕಸಭಾ ಚುನಾವಣೆಯಲ್ಲಿ, ಮತಪತ್ರದ ಮೇಲೆ. ಬಾಣಗಳ ಗುರುತಿನ ರಬ್ಬರ್ ಮೊಹರು ಒತ್ತಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಬೇಕಿತ್ತು. ಅಡ್ಡಾದಿಡ್ಡಿ ಮಡಿಸಿದರೆ ಹಸಿ ಮಸಿ ಇನ್ನೊಬ್ಬರ ಚಿಹ್ನೆಗೂ ಮೆತ್ತಿಕೊಳ್ಳುತ್ತಿತ್ತು. 2004ರಿಂದ ಎಲ್ಲೆಡೆ ಯಂತ್ರ ಬಂತು, 2018ರ ವಿಧಾನಸಭಾ ಚುನಾವಣೆಯಲ್ಲಿ ಅದರ ಪಕ್ಕಕ್ಕೆ ಚೀಟಿ ತೋರಿಸುವ ವಿವಿಪ್ಯಾಟ್ ಬಂತು. ಹೆಸರು ಓದುವ ಮೇಜು ಮಾತ್ರ ಹಾಗೆಯೇ ಉಳಿಯಿತು.

ಆ ಮೇಜಿನ ಮುಂದೆಯೇ ನಮ್ಮ ಖಾಲಾ ಒಬ್ಬರು ಒಂದು ಚುನಾವಣೆಯಲ್ಲಿ ನಿಂತುಬಿಟ್ಟರು. ಊರಿನ ಹೆಸರು ಬೇಡ. ಕೈಯಲ್ಲಿ ಗುರುತಿನ ಚೀಟಿ ಇತ್ತು, ಹಿಂದಿನ ಸಲ ಮತ ಹಾಕಿದ್ದರು. ಪಟ್ಟಿಯಲ್ಲಿ ಹೆಸರಿಗೆ ಗೆರೆ ಬಿದ್ದಿತ್ತು. ಅದೇ ಬೀದಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಹೆಂಗಸು ತೀರಿಹೋಗಿದ್ದಳು. ಸತ್ತವಳ ಬದಲು ಬದುಕಿದ್ದವಳನ್ನು ತೆಗೆದಿದ್ದರು. "ನಾಮ್ ನೈ ಕತೆ" ಎಂದು, ಅಂದರೆ ಹೆಸರೇ ಇಲ್ಲವಂತೆ ಎಂದು, ಖಾಲಾ ನಮ್ಮ ಕಡೆ ತಿರುಗಿದರು. ಆಮೇಲೆ ಅಧಿಕಾರಿಯನ್ನು ಕೇಳಿದರು: "ಹಂಗಾದ್ರೆ ಇಲ್ಲಿ ನಿಂತಿರೋದು ಯಾರು ಸ್ವಾಮಿ?" ಆತ ಒಳ್ಳೆಯ ಮನುಷ್ಯ, ಎದ್ದು ನಿಂತು ಕೈ ಮುಗಿದರು. ಅವರು ಹೇಳಿದ್ದೂ ಕಾನೂನಿನ ಮಾತೇ: ಚೀಟಿ ಇರುವುದು ಗುರುತಿಗೆ, ಮತದ ಹಕ್ಕು ಇರುವುದು ಪಟ್ಟಿಯಲ್ಲಿ. ಹೊಸದಾಗಿ ಹದಿನೆಂಟು ತುಂಬಿದ ಹುಡುಗಿಯರು ತುಂಬುವ ಆರನೇ ನಮೂನೆಯನ್ನು ಅರವತ್ತು ದಾಟಿದ ಖಾಲಾ ಮತ್ತೆ ತುಂಬಬೇಕಾಯಿತು.

ಆಮೇಲಿನ ಚುನಾವಣೆಗಳಲ್ಲಿ ನಮಗೆ ಎರಡು ದಿನಗಳು ಚೆನ್ನಾಗಿ ನೆನಪಿವೆ. 2020ರ ನವೆಂಬರ್ 3ರ ಶಿರಾ ಉಪಚುನಾವಣೆ ಕೊರೊನಾ ಕಾಲದ್ದು. ಬಾಗಿಲಲ್ಲಿ ಜ್ವರದ ತಪಾಸಣೆ, ಸಹಿ ಹಾಕಲು, ಗುಂಡಿ ಒತ್ತಲು ಕೈಗವಸು. ಹೆಸರು ಓದುವವರ ಬಾಯಿಗೂ ಮಾಸ್ಕ್, ಹೌದೆನ್ನುವವರ ಬಾಯಿಗೂ ಮಾಸ್ಕ್. 2024ರ ಏಪ್ರಿಲ್ 26 ಶುಕ್ರವಾರ. ಜುಮಾ ದಿನ ಮತದಾನ ಬೇಡವೆಂದು ಕೇರಳದ ಕೆಲವು ಸಂಘಟನೆಗಳು ಕೇಳಿಕೊಂಡಿದ್ದವು, ದಿನ ಬದಲಾಗಲಿಲ್ಲ. ಇಲ್ಲಿ ಬೆಳಿಗ್ಗೆ ಏಳಕ್ಕೇ ಸಾಲು ನಿಂತವರೂ ಇದ್ದರು, ನಮಾಝ್ ಮುಗಿಸಿ ಬಿಸಿಲಲ್ಲಿ ಬಂದವರೂ ಇದ್ದರು. ಬೆರಳಿನ ಶಾಯಿಯಿಂದ ವಜೂ ಕೆಡುತ್ತದೆಯೇ ಎಂದು ಒಬ್ಬ ಹುಡುಗ ಕೇಳಿದ. ಅದು ಚರ್ಮಕ್ಕೆ ಹಿಡಿದ ಬಣ್ಣ, ನೀರನ್ನು ತಡೆಯುವ ಪದರವಲ್ಲ ಎಂದು ಹಿರಿಯರೊಬ್ಬರು ಹೇಳಿದರು. 1962ರಿಂದ ಆ ಶಾಯಿ ತಯಾರಾಗುತ್ತಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ.

ಖಾಲಾರಂಥ ಪ್ರಕರಣ ಕಣ್ತಪ್ಪಿನಿಂದ ಆದದ್ದೆನ್ನೋಣ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 6,018 ಹೆಸರುಗಳನ್ನು ತೆಗೆಯುವಂತೆ ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಅಲ್ಲಿ ಸಮಯಕ್ಕೆ ಗೊತ್ತಾಯಿತು, ಪೊಲೀಸ್ ಮೊಕದ್ದಮೆಯೂ ಆಯಿತು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಯಾರ ಹೆಸರು, ಏಕೆ ಎಂದು ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. 1952ರಲ್ಲಿ ಹೆಸರು ಹೇಳದವರನ್ನು ಕೈಬಿಟ್ಟರು; ಈಗ ಹೆಸರು ಹೇಳುವವರು ಕಾಗದ ತೋರಿಸಲು ಓಡಾಡುತ್ತಿದ್ದಾರೆ.

ಖಾಲಾರ ಹೆಸರು ಮತ್ತೆ ಸೇರಿದೆ, 'ಫ' ಬದಲು 'ಪ' ಆಗಿ. ಎಂಟನೇ ನಮೂನೆ ತುಂಬಿದರೆ ತಿದ್ದಿಸಬಹುದೆಂದು ನಾವು ಹೇಳಿದೆವು. ಅವರು ನಕ್ಕೋ ಎಂದರು, ತಿದ್ದಲು ಹೋದರೆ ಮತ್ತೆ ಗೆರೆ ಎಳೆದಾರು ಎಂಬ ಭಯ. ಮೇಷ್ಟ್ರು ಪಾತಿಮಾ ಎಂದು ಓದುತ್ತಾರೆ, ಖಾಲಾ ಹೌದು ಸ್ವಾಮಿ ಎಂದು ಮುಂದಿನ ಮೇಜಿಗೆ ಬೆರಳು ಚಾಚುತ್ತಾರೆ.