ಕೃಷಿ ತಂತ್ರಜ್ಞಾನ ನವೋದ್ಯಮಗಳಲ್ಲಿ ಉದ್ಯೋಗ: ಅರ್ಜಿದಾರರ ಮಾಹಿತಿಗಾಗಿ

ಕೃಷಿ ತಂತ್ರಜ್ಞಾನ ಕ್ಷೇತ್ರದ ಸಣ್ಣ ನವೋದ್ಯಮಗಳಲ್ಲಿ, ಅಂದರೆ ಸ್ಟಾರ್ಟ್‌ಅಪ್‌ಗಳಲ್ಲಿ, ಉದ್ಯೋಗ ಬಯಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬೆಂಗಳೂರಿನಲ್ಲಿ 2010ರಲ್ಲಿ ಕ್ರಾಪಿನ್, 2011ರಲ್ಲಿ ಹೈನುಗಾರಿಕೆಗೆ ಸಂಬಂಧಿಸಿದ ಸ್ಟೆಲ್ಲಾಪ್ಸ್ ಆರಂಭವಾದ ತರುವಾಯ ರಾಜ್ಯದಲ್ಲಿ ಇಂತಹ ಹಲವು ಸಂಸ್ಥೆಗಳು ಸ್ಥಾಪನೆಗೊಂಡಿವೆ.

ಕೆಲಸದ ಸ್ವರೂಪ

ಹತ್ತು ಹದಿನೈದು ಮಂದಿಯಿರುವ ಸಂಸ್ಥೆಯಲ್ಲಿ ಹುದ್ದೆಯ ಹೆಸರಿಗೂ ಮಾಡುವ ಕೆಲಸಕ್ಕೂ ಹೊಂದಾಣಿಕೆ ಕಡಿಮೆ. ತಂತ್ರಾಂಶ ಬರೆಯಲು ನೇಮಕಗೊಂಡವರು ವಿಜಯಪುರದ ದ್ರಾಕ್ಷಿ ತೋಟದಲ್ಲಿ ಮಣ್ಣಿನ ತೇವಾಂಶ ಅಳೆಯುವ ಉಪಕರಣವನ್ನು ಹೂಳಬೇಕಾಗಬಹುದು. ಲೆಕ್ಕಪತ್ರ ನೋಡುವವರು ರೈತರ ದೂರವಾಣಿ ಕರೆಗಳಿಗೆ ಉತ್ತರಿಸಬೇಕಾಗಬಹುದು. ಇತರ ಸ್ಟಾರ್ಟ್‌ಅಪ್‌ಗಳಿಗಿಂತ ಇಲ್ಲಿರುವ ಮುಖ್ಯ ವ್ಯತ್ಯಾಸವೆಂದರೆ ಕಾಲ. ಮುಂಗಾರಿನಲ್ಲಿ ಕೈಗೊಂಡ ಪ್ರಯೋಗ ವಿಫಲವಾದಲ್ಲಿ ಅದೇ ಬೆಳೆಯ ಮೇಲೆ ಪುನಃ ಪರೀಕ್ಷಿಸಲು ಮುಂದಿನ ಮುಂಗಾರಿನವರೆಗೆ ಕಾಯಬೇಕು. ಆದರೆ ಬಂಡವಾಳ ಹೂಡಿದವರ ಹಣ ಮಳೆಗಾಲವನ್ನು ಕಾಯುವುದಿಲ್ಲ. ವೇತನ ವಿಳಂಬದ ತೊಂದರೆ ಬಹುಮಟ್ಟಿಗೆ ಈ ಅಂತರದಿಂದಲೇ ಹುಟ್ಟುತ್ತದೆ.

ವೇತನ

ಪ್ರಸ್ತಾವಪತ್ರದಲ್ಲಿ ನಮೂದಿಸುವ ವಾರ್ಷಿಕ ಮೊತ್ತವು (ಸಿಟಿಸಿ) ಕೈಗೆ ಬರುವ ಸಂಬಳವಲ್ಲ. ಉದಾಹರಣೆಗೆ, ಒಟ್ಟು ಮೊತ್ತ ರೂ. 4,80,000 ಇದ್ದು, ಅದರಲ್ಲಿ ಕಾರ್ಯಕ್ಷಮತೆ ಆಧಾರಿತ ಮೊತ್ತ ರೂ. 60,000, ಷೇರು ಆಯ್ಕೆಯ ಮೌಲ್ಯ ರೂ. 50,000 ಹಾಗೂ ಭವಿಷ್ಯ ನಿಧಿಗೆ ಮಾಲೀಕರ ವಂತಿಗೆ ತಿಂಗಳಿಗೆ ರೂ. 1,800 ಸೇರಿದ್ದರೆ, ನೌಕರರ ವಂತಿಗೆ ರೂ. 1,800 ಮತ್ತು ವೃತ್ತಿ ತೆರಿಗೆ ಕಳೆದು ತಿಂಗಳಿಗೆ ಕೈಸೇರುವುದು ಸುಮಾರು ರೂ. 27,000 ಮಾತ್ರ. ಹನ್ನೆರಡರಿಂದ ಭಾಗಿಸಿ ರೂ. 40,000 ಎಂದು ನಂಬಿ ಮನೆ ಬಾಡಿಗೆ ಒಪ್ಪಿಕೊಳ್ಳುವುದು ಸೂಕ್ತವಲ್ಲ.

ಷೇರು ಆಯ್ಕೆಯ ಹಕ್ಕು ನೀಡಿಕೆಯಾದ ದಿನದಿಂದ ಕನಿಷ್ಠ ಒಂದು ವರ್ಷದವರೆಗೆ ಪ್ರಾಪ್ತವಾಗುವುದಿಲ್ಲ. ಪಟ್ಟಿಯಾಗದ ಕಂಪನಿಯ ಷೇರನ್ನು ಕೊಳ್ಳುವವರು ದೊರೆಯುವುದೂ ಅಪರೂಪ. ಆದುದರಿಂದ ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯದಿರುವುದು ಒಳಿತು.

ಸಾಮಾಜಿಕ ಭದ್ರತೆ

ಭವಿಷ್ಯ ನಿಧಿಯು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕಡ್ಡಾಯ. ರಾಜ್ಯ ವಿಮೆಯು (ಇಎಸ್‌ಐ) 10 ಅಥವಾ ಹೆಚ್ಚು ನೌಕರರಿರುವಲ್ಲಿ, ಮಾಸಿಕ ವೇತನ ರೂ. 21,000 ಮೀರದವರಿಗೆ ಅನ್ವಯಿಸುತ್ತದೆ. ಆದ್ದರಿಂದ ಸಂಸ್ಥೆಯ ನೌಕರರ ಸಂಖ್ಯೆಯನ್ನು ಸಂದರ್ಶನದಲ್ಲಿಯೇ ಕೇಳಿ ತಿಳಿದುಕೊಳ್ಳತಕ್ಕದ್ದು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ವಂತಿಗೆ ಕಡಿತವಾಗುತ್ತಿದ್ದಲ್ಲಿ ಅದು ನಿಜವಾಗಿ ಜಮೆಯಾಗಿದೆಯೇ ಎಂಬುದನ್ನು ಯುಎಎನ್ ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳು ಪರಿಶೀಲಿಸುವುದು.

ಲೈಂಗಿಕ ಕಿರುಕುಳ ತಡೆಗೆ ಸಂಬಂಧಿಸಿದ 2013ರ ಅಧಿನಿಯಮದಂತೆ 10ಕ್ಕಿಂತ ಕಡಿಮೆ ನೌಕರರಿರುವಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಂತಹ ಸಂಸ್ಥೆಯ ಮಹಿಳಾ ನೌಕರರು ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಸಲ್ಲಿಸಬಹುದು. ಒಬ್ಬರೇ ಹಳ್ಳಿಗಳಿಗೆ ಕ್ಷೇತ್ರ ಭೇಟಿಗೆ ತೆರಳುವವರು ಇದನ್ನು ವಿಶೇಷವಾಗಿ ಗಮನಿಸುವುದು.

ಕೆಲಸ ಬಿಡುವಾಗ

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ನೀಡಿದಲ್ಲಿ ಅಥವಾ ಸಂಸ್ಥೆ ಮುಚ್ಚಿದಲ್ಲಿ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸತಕ್ಕದ್ದು. ಬಾಕಿ ಕೇಳಲು ದಾಖಲೆ ಬೇಕು. ನೇಮಕಾತಿ ಪತ್ರ, ವೇತನ ಚೀಟಿಗಳು ಹಾಗೂ ಕ್ಷೇತ್ರ ಭೇಟಿಯ ಪ್ರಯಾಣ ವೆಚ್ಚದ ರಸೀದಿಗಳ ಪ್ರತಿಗಳನ್ನು ಸಂಸ್ಥೆಯ ಇ-ಮೇಲ್‌ನಲ್ಲಿ ಮಾತ್ರವಲ್ಲದೆ ತಮ್ಮ ಬಳಿಯೂ ಇಟ್ಟುಕೊಳ್ಳುವುದು, ಏಕೆಂದರೆ ಕೆಲಸ ಬಿಟ್ಟ ದಿನವೇ ಆ ಇ-ಮೇಲ್ ಸ್ಥಗಿತಗೊಳ್ಳಬಹುದು.